ದೊಡ್ಡೀರಪ್ಪನ ಪುಕ್ಕಟೆ ಕಿವಿ

ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿದ ಕಿವಿಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಮೊದಲ ಅಧ್ಯಾಯವನ್ನು ದೊಡ್ಡೀರಪ್ಪನ ಎಡಗಿವಿಗೆ ಬಿಟ್ಟುಕೊಡಬೇಕಾಗುತ್ತದೆ. ನೋಡುವುದಕ್ಕೆ ಅದು ಎಲ್ಲರ ಕಿವಿಯ ಹಾಗೆಯೇ ಇದೆ. ಅಂಚಿನಲ್ಲಿ ನಾಲ್ಕು ಬಿಳಿ ಕೂದಲು, ಹಾಲೆಯಲ್ಲಿ ಎಂದೋ ಒಂಟಿ ಹಾಕಿಕೊಂಡಿದ್ದ ತೂತು, ಮೇಲ್ಗಡೆ ಅರ್ಧ ಸೇದಿ ಆರಿಸಿಟ್ಟ ಒಂದು ಬೀಡಿ. ಆದರೆ ಆ ಕಿವಿಗೆ ದೇವರು ಒಂದು ವರ ಕೊಟ್ಟಿದ್ದ. ‘ಪುಕ್ಕಟೆ’ ಎಂಬ ಮಾತು ಯಾವ ಬಾಯಲ್ಲಿ ಎಷ್ಟು ಮೆಲ್ಲಗೆ ಹುಟ್ಟಿದರೂ ಅದು ಹಿಡಿದುಬಿಡುತ್ತಿತ್ತು. ದೊಡ್ಡಉಳ್ಳಾರ್ತಿ ಕಾವಲಿನ ಈ ತುದಿಯಲ್ಲಿ ಕುರಿ ಮೇಯಿಸುತ್ತಿದ್ದವನು, ಆ ತುದಿಯಲ್ಲಿ ಪಶು ಆಸ್ಪತ್ರೆಯ ಜೀಪಿನವರು ಜಂತುಹುಳದ ಔಷಧಿ ಪುಕ್ಕಟೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದನ್ನು ಕೇಳಿಸಿಕೊಂಡು, ಜೀಪು ನಿಲ್ಲುವ ಮೊದಲೇ ಮಂದೆ ಸಮೇತ ಅದರ ಮುಂದೆ ನಿಂತಿದ್ದನಂತೆ. ಅವತ್ತು ಗಾಳಿ ಅವನ ಕಡೆಯಿಂದ ಜೀಪಿನ ಕಡೆಗೆ ಬೀಸುತ್ತಿತ್ತು ಎಂದು ಹಟ್ಟಿಯ ಹಿರಿಯರು ಇಂದಿಗೂ ಆಣೆ ಇಟ್ಟು ಹೇಳುತ್ತಾರೆ.

ಅದೇ ಕಿವಿಗೆ ‘ಕೈಗಡ’ ಎಂಬ ಮಾತು ಗೇಣು ದೂರದಿಂದ ಕೂಗಿದರೂ ಕೇಳಿಸುತ್ತಿರಲಿಲ್ಲ. ಒಮ್ಮೆ ಚಳ್ಳಕೆರೆಯಲ್ಲಿ ಉಚಿತ ಕಿವಿ ತಪಾಸಣೆ ನಡೆದಾಗ ಸಾಲಿನ ಮೊದಲ ಕುರ್ಚಿಯಲ್ಲಿ ದೊಡ್ಡೀರಪ್ಪ ಕೂತಿದ್ದ. ಡಾಕ್ಟರು ದೀಪ ಬಿಟ್ಟು ನೋಡಿ, “ಕಿವಿ ಚೆನ್ನಾಗೇ ಇದೆಯಲ್ಲಪ್ಪ, ಯಾಕೆ ಬಂದೆ?” ಎಂದರು.

“ಉಚಿತ ಅಂದ್ರಲ್ಲ ಸಾ,” ಎಂದ ದೊಡ್ಡೀರಪ್ಪ.

ಈ ವರದ ಒಡೆಯನಿಗೆ ಈಗ ಐವತ್ತೆಂಟು ವರ್ಷ. ಕುರಿ ಮಾರಿಯಾಯಿತು. ಕುದಾಪುರದ ಕಡೆಯ ಒಂದು ದೊಡ್ಡ ಕ್ಯಾಂಪಸ್ಸಿನ ಗೇಟಿನಲ್ಲಿ ಕಾವಲು ಕೆಲಸ. ಹಿಂದೆ ಕುರಿ ಬೇಲಿ ದಾಟಿ ಹೊರಗೆ ಹೋಗದಂತೆ ನೋಡಿಕೊಳ್ಳುತ್ತಿದ್ದವನು ಈಗ ಅವು ಒಳಗೆ ಬರದಂತೆ ನೋಡಿಕೊಳ್ಳುತ್ತಾನೆ. ಕಸುಬು ಅದೇ, ಮುಖ ಮಾತ್ರ ತಿರುಗಿದೆ. ಕಂಪನಿ ಕೊಟ್ಟ ನೀಲಿ ಅಂಗಿಯನ್ನು ಡ್ಯೂಟಿಗೂ ಹಾಕುತ್ತಾನೆ, ಮದುವೆಗೂ ಹಾಕುತ್ತಾನೆ. ಮದುವೆಗೆ ಹೋದಾಗ ಎದೆಯ ಮೇಲಿನ ‘ಸೆಕ್ಯೂರಿಟಿ’ ಎಂಬ ಪಟ್ಟಿಯ ಮೇಲೆ ಟವೆಲ್ ಇಳಿಬಿಟ್ಟುಕೊಳ್ಳುತ್ತಾನೆ, ಅಷ್ಟೇ. ಬಸ್ಸಿನಲ್ಲಿ ಒಂದು ಸ್ಟೇಜು ಮೊದಲೇ ಇಳಿದು ನಡೆಯುತ್ತಾನೆ. ಕಂಡಕ್ಟರುಗಳು ಅವನಿಗೆ ‘ಮುಂದಿನ ಸ್ಟೇಜಣ್ಣ’ ಎಂದು ಹೆಸರಿಟ್ಟಿದ್ದಾರೆ. ಅದೂ ಪುಕ್ಕಟೆ ಬಂದ ಹೆಸರು ಎಂದು ಅವನು ಇಟ್ಟುಕೊಂಡಿದ್ದಾನೆ.

ನಗುವವರು ನಗಲಿ. ಸಂಬಳ ಬಂದ ದಿನ, ಮನೆಗೆ ರಾಗಿ ತರುವುದಕ್ಕೂ ಮೊದಲು, ಅವನು ಅಂಚೆ ಕಚೇರಿಯ ಆರ್‌ಡಿ ಕಟ್ಟುತ್ತಿದ್ದ. ಆ ಪುಸ್ತಕದಿಂದಲೇ ಮಗಳು ಪುಷ್ಪಲತಾ ಚಿತ್ರದುರ್ಗದಲ್ಲಿ ನರ್ಸಿಂಗ್ ಓದಿದ್ದು. ಹಟ್ಟಿಯಲ್ಲಿ ಯಾರ ಮನೆ ಮುಂದೆಯೂ ನಿಂತು ಹಲ್ಲು ಗಿಂಜದೆ ಮಗಳ ಮದುವೆಗೂ ಕೈ ಹಾಕಿದ್ದ. ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಸಣ್ಣ ಬೀಡಿ ತುಂಡುಗಳಿಂದ ಕಟ್ಟಿದವನು ಎಂದರೆ ಒಂದು ನಮಸ್ಕಾರ ಹಾಕಲೇಬೇಕು.

ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದಾಗ ಆ ಎಡಗಿವಿ ಮೂರು ದಿನ ಗುಂಯ್‌ಗುಟ್ಟಿತು. ನಾಲ್ಕನೆಯ ದಿನದಿಂದ ಮನೆಯ ಹೊರಗಿನ ಕೆಲಸವೆಲ್ಲ ಹೆಂಡತಿ ಜುಂಜಮ್ಮನ ಪಾಲಾಯಿತು. ಕರೆಂಟು ಬಿಲ್ಲು, ಅಂಚೆ ಕಚೇರಿ, ಶೇಂಗಾ ಬೀಜ, ನೆಂಟರ ಮನೆಯ ಸಾವು, ಎಲ್ಲದಕ್ಕೂ ಅವಳೇ ಆಧಾರ್ ಕಾರ್ಡು ಹಿಡಿದು ಹೊರಡಬೇಕು. ಅವನ ಕನ್ನಡಕದ ಕಾಲು ಮುರಿದಾಗ ಕನ್ನಡಕವೊಂದೇ ಜುಂಜಮ್ಮನ ಜೊತೆ ಚಳ್ಳಕೆರೆಗೆ ಹೋಗಿ ರಿಪೇರಿಯಾಗಿ ಬಂತು. ಅಷ್ಟು ಹೊತ್ತು ದೊಡ್ಡೀರಪ್ಪ ಗೇಟಿನಲ್ಲಿ ಬಂದವರನ್ನೆಲ್ಲ ದನಿಯಿಂದ ಗುರುತು ಹಿಡಿದು ಒಳಗೆ ಬಿಟ್ಟ.

ಈ ವೀರ ಸೋತದ್ದು ಎಲ್ಲಿ ಎಂದರೆ, ಮೊಳಕಾಲ್ಮೂರಿನಲ್ಲಿ, ಒಂದು ಅಕ್ಷರದ ಎದುರು.

ಪುಷ್ಪಲತಾಳ ನಿಶ್ಚಿತಾರ್ಥ ಗೊತ್ತಾಗಿತ್ತು. ಮಗಳಿಗೆ ಒಂದು ರೇಷ್ಮೆ ಸೀರೆ ಬೇಕು, ಬೀಗಿತ್ತಿಯಾಗುವ ಹುಚ್ಚಕ್ಕನಿಗೆ ಒಂದು ಸೀರೆ ಉಡಿಸಬೇಕು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದುಗಡೆ ದೊಡ್ಡೀರಪ್ಪ ‘ಬೀಗಿತ್ತಿ ಸೀರೆ – ಸಾವಿರದ ಇನ್ನೂರು’ ಎಂದು ಬರೆದಿಟ್ಟಿದ್ದ. ಅದು ಚಳ್ಳಕೆರೆಯ ಸಂತೆಬೀದಿಯ ಪಾಲಿಸ್ಟರ್ ಸೀರೆ. ಮಗಳ ಸೀರೆಗೆ ಮಾತ್ರ ಮೊಳಕಾಲ್ಮೂರಿಗೇ ಹೋಗುವುದು, ಅಂಗಡಿಗೆ ಕಾಲಿಡದೆ ನೇಯುವವರ ಮನೆಯಲ್ಲೇ ಕೊಳ್ಳುವುದು ಎಂದು ತೀರ್ಮಾನವಾಯಿತು. ಅಂಗಡಿಯವನ ಲಾಭ ನಮಗೆ ಯಾಕೆ?

“ಅಲ್ಲಿ ಎಲ್ಲಾ ತೆಲುಗು ಮಾತಾಡ್ತಾರಂತೆ,” ಎಂದಳು ಜುಂಜಮ್ಮ.

“ನಾನಿಲ್ವಾ?” ಎಂದ ದೊಡ್ಡೀರಪ್ಪ.

ಹರೆಯದಲ್ಲಿ ಅವನು ಮೂರು ಬೇಸಿಗೆ ರಾಯದುರ್ಗದ ಕಡೆಗೆ ಕುರಿ ಹೊಡೆದುಕೊಂಡು ಹೋಗಿದ್ದ. ಹೋದವನು ತೆಲುಗು ಕಲಿತೇ ಬಂದೆನೆಂದು ನಂಬಿದ್ದ. ನಿಜವಾಗಿ ಅವನಿಗೆ ಬರುತ್ತಿದ್ದುದು ನಾಲ್ಕು ಮಾತು. ‘ಎಂತ’ ಎಂದರೆ ಎಷ್ಟು, ‘ತಗ್ಗಿಂಚು’ ಎಂದರೆ ಇಳಿಸು, ‘ವದ್ದು’ ಎಂದರೆ ಬೇಡ, ‘ಊರಿಕೆ’ ಎಂದರೆ ಪುಕ್ಕಟೆ. ಒಬ್ಬ ಮನುಷ್ಯನ ಬಾಳಿಗೆ ಇನ್ನೆಷ್ಟು ಭಾಷೆ ಬೇಕು?

ಭಾನುವಾರ ಇಬ್ಬರೂ ಹೊರಟರು. ಒಂದು ಸ್ಟೇಜು ಮೊದಲೇ ಅವನು ಇಳಿದ, ಜುಂಜಮ್ಮ ಸೊನ್ನೆ ರೂಪಾಯಿಯ ಟಿಕೆಟ್ಟು ಹಿಡಿದು ಮೊಳಕಾಲ್ಮೂರಿನವರೆಗೂ ಹೋಗಿ, ಬಸ್ ಸ್ಟ್ಯಾಂಡಿನ ಬೇವಿನ ಮರದಡಿ ಗಂಡ ನಡೆದುಬರುವುದನ್ನು ಮುಕ್ಕಾಲು ಗಂಟೆ ಕಾದಳು.

ಅವರಿವರನ್ನು ಕೇಳಿಕೊಂಡು ಸೇರಿದ್ದು ರೇಣುಕಮ್ಮನೆಂಬ ಮುದುಕಿಯ ಮನೆಗೆ. ಒಳಕೋಣೆಯ ಗುಂಡಿಮಗ್ಗದಲ್ಲಿ ಸೊಸೆ ಕಾಂಚನಾ ನೇಯುತ್ತಿದ್ದಳು. ಲಾಳಿ ಅತ್ತಿಂದಿತ್ತ ಓಡುವ ಖಟಕ್ ಪಟಕ್ ಮನೆಯನ್ನೆಲ್ಲ ತುಂಬಿತ್ತು. ವ್ಯಾಪಾರ ಮುದುಕಿಯದು. ಸೀರೆ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿ, ಅವಳು ನಡೆದರೆ ಅದೂ ಜೊತೆಗೆ ಮಾತಾಡುತ್ತಿತ್ತು.

“ಎಂತ?” ಎಂದ ದೊಡ್ಡೀರಪ್ಪ, ಕೆಂಪು ಸೀರೆಯೊಂದರ ಮೇಲೆ ಬೆರಳಿಟ್ಟು.

ಚಳ್ಳಕೆರೆಯ ಕಡೆಯವನ ಬಾಯಲ್ಲಿ ತೆಲುಗು ಕೇಳಿ ಮುದುಕಿಗೆ ತವರಿನವರು ಬಂದಷ್ಟು ಸಂತೋಷವಾಯಿತು. ಅವಳು ತೆಲುಗಿನ ಕಾಲುವೆಯನ್ನೇ ತೆರೆದುಬಿಟ್ಟಳು. ದೊಡ್ಡೀರಪ್ಪ ಗಂಭೀರವಾಗಿ ತಲೆಯಾಡಿಸುತ್ತ, ಉಸಿರು ತೆಗೆದುಕೊಳ್ಳಲು ಅವಳು ನಿಂತಾಗಲೆಲ್ಲ “ತಗ್ಗಿಂಚು” ಎಂದ. ನಿಮ್ಮ ತಂದೆತಾಯಿ ಇದ್ದಾರಾ ಎಂದು ಅವಳು ಕೇಳಿದ್ದಕ್ಕೆ “ವದ್ದು” ಎಂದ. ಮುದುಕಿ ಒಂದು ಗಳಿಗೆ ಅವನ ಮುಖ ನೋಡಿ, ಅಲ್ಲಿಂದಾಚೆಗೆ ಅರ್ಧ ಕನ್ನಡಕ್ಕೆ ಇಳಿದು, ನಿಶ್ಚಿತಾರ್ಥ ಯಾರದು, ಬೀಗಿತ್ತಿಗೆ ಏನು ಉಡಿಸುತ್ತೀರಿ ಎಂದೆಲ್ಲ ವಿಚಾರಿಸಿಕೊಂಡಳು.

ಎರಡು ಗಂಟೆಯ ಯುದ್ಧದಲ್ಲಿ ಹದಿಮೂರೂವರೆ ಸಾವಿರದ ಸೀರೆ ಹನ್ನೊಂದು ಸಾವಿರದ ಎಂಟುನೂರಕ್ಕೆ ಇಳಿಯಿತು. ದುಡ್ಡು ಕೊಟ್ಟು ಚಿಲ್ಲರೆ ತಗೊಂಡವನು ಎಂದಿನಂತೆ ಮೂರು ಸಲ ಎಣಿಸಿದ. ಇನ್ನೂರರ ಜೊತೆ ಒಂದು ಐನೂರರ ನೋಟು ಅಂಟಿಕೊಂಡು ಬಂದಿತ್ತು. ಲೆಕ್ಕ ಹೆಚ್ಚಾಗಿ ಬಂದರೂ ದೊಡ್ಡೀರಪ್ಪನಿಗೆ ನಿದ್ದೆ ಬರುವುದಿಲ್ಲ, ಕಡಿಮೆಯಾದಷ್ಟೇ ಕಸಿವಿಸಿ. ನೋಟನ್ನು ಬಿಡಿಸಿ ಹಿಂದಕ್ಕೆ ಕೊಟ್ಟ. ರೇಣುಕಮ್ಮ ನೋಟನ್ನು ನೋಡಿದಳು, ಅವನನ್ನು ನೋಡಿದಳು, ನೋಟನ್ನು ಕಣ್ಣಿಗೊತ್ತಿಕೊಂಡಳು.

ಇಷ್ಟು ಹೊತ್ತೂ ಜುಂಜಮ್ಮ ಬದನೆಕಾಯಿ ಬಣ್ಣಕ್ಕೆ ಗಿಳಿಹಸಿರು ಅಂಚಿದ್ದ ಇನ್ನೊಂದು ಸೀರೆಯ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಕೇಳಲಿಲ್ಲ; ಮೂವತ್ತು ವರ್ಷದ ಸಂಸಾರದಲ್ಲಿ ಕೇಳುವ ಅಭ್ಯಾಸ ಬಿಟ್ಟುಹೋಗಿತ್ತು. ಸೀರೆ ಕಟ್ಟಿಸುವ ಹೊತ್ತಿಗೆ ಅವಳು ನೀರು ಕುಡಿಯಲು ಹಿತ್ತಲ ಕಡೆ ಹೋದಳು. ಆಗ ರೇಣುಕಮ್ಮ ಆ ಬದನೆಕಾಯಿ ಬಣ್ಣದ ಸೀರೆಯನ್ನೂ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಏನೋ ಹೇಳಿದಳು. ಮಗ್ಗ ಆ ಹೊತ್ತಿನಲ್ಲೇ ಜೋರಾಗಬೇಕೆ? ಖಟಕ್ ಪಟಕ್‌ಗಳ ನಡುವೆ ದೊಡ್ಡೀರಪ್ಪನಿಗೆ ಸಿಕ್ಕಿದ್ದು ಇಷ್ಟೇ: “ಊರಿಕೆ ತಗೊಂಡೋಗು ನಾಯ್ನಾ… ಬೀಗಿತ್ತಿ… ಒಪ್ಪಿದ್ರೆ…”

ಊರಿಕೆ!

ಎಡಗಿವಿ ನಿಮಿರಿತು. ಬಲಗಿವಿ ಬೇರೆ ಏನೋ ಕೇಳಿಸಿಕೊಂಡಂತಿತ್ತು, ಆದರೆ ಆ ತಲೆಯಲ್ಲಿ ಬಲಗಿವಿಯ ಮಾತು ಎಂದೂ ನಡೆದದ್ದಿಲ್ಲ. ‘ಏನಂದ್ರವ್ವಾ?’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ಅವನು ನುಂಗಿದ. ಪುಕ್ಕಟೆ ಕೊಟ್ಟವರನ್ನು ಎರಡನೇ ಸಲ ಕೇಳಬಾರದು, ಕೇಳಿದರೆ ಮನಸ್ಸು ಬದಲಾಗುತ್ತದೆ ಎಂಬುದು ಅವನ ಬಾಳಿನ ದೊಡ್ಡ ನೀತಿ. ಕೈಮುಗಿದು, ಹೆಂಡತಿಯನ್ನು ಕೂಗಿ, ಚೀಲ ಬಗಲಿಗೆ ಹಾಕಿ ಹೊರಟೇಬಿಟ್ಟ. ಆ ದಿನ ಅವನು ನಡೆದ ವೇಗಕ್ಕೆ ಜುಂಜಮ್ಮ ಹಿಂದೆ ಓಡಬೇಕಾಯಿತು. ಅವಸರಕ್ಕೆ ಸ್ಟೇಜಿನ ಲೆಕ್ಕವೂ ಮರೆತುಹೋಗಿ, ಮೊಳಕಾಲ್ಮೂರಿನಲ್ಲೇ ಬಸ್ಸು ಹತ್ತಿ ಪೂರ್ತಿ ಟಿಕೆಟ್ಟು ತೆಗೆದ.

ಬಸ್ಸಿನಲ್ಲಿ ಚೀಲದ ಬಾಯಿ ಬಿಚ್ಚಿ ತೋರಿಸಿದ. ಜುಂಜಮ್ಮನ ಕೈ ಸೀರೆಯ ಮೇಲೆ ತಾನಾಗಿ ಹೋಗಿ ಕೂತಿತು.

“ಇದ್ಯಾಕೆ ತಂದೆ? ದುಡ್ಡು?”

“ಊರಿಕೆ.”

“ಹಂಗಂದ್ರೆ?”

“ಪುಕ್ಕಟೆ ಕಣೇ. ಮುದುಕಿ ನನ್ನ ವ್ಯಾಪಾರ ನೋಡಿ ಮೆಚ್ಚಿಬಿಟ್ಲು.”

“ಪುಷ್ಪಿ ಅಪ್ಪಾ, ರೇಷ್ಮೆ ಸೀರೆನ ಯಾರಾದ್ರೂ ಪುಕ್ಕಟೆ ಕೊಡ್ತಾರಾ? ಕೊತ್ತಂಬರಿ ಸೊಪ್ಪಾ ಅದು?”

“ಐನೂರು ವಾಪಸ್ ಕೊಟ್ಟಿದ್ದು ಕಾಣ್ಲಿಲ್ವಾ? ದೊಡ್ಡ ಮನಸಿನೋರು. ಬೀಗಿತ್ತಿಗೆ ಅಂತಾನೂ ಅಂದ್ಲು. ಉಳೀತಲ್ಲ, ಸಾವಿರದ ಇನ್ನೂರು!”

ಜುಂಜಮ್ಮ ಕೈಯನ್ನು ಸೀರೆಯ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮನೆಗೆ ಬಂದ ಕೂಡಲೇ ದೊಡ್ಡೀರಪ್ಪ ಕ್ಯಾಲೆಂಡರಿನ ಹಾಳೆ ತೆಗೆದು ‘ಬೀಗಿತ್ತಿ ಸೀರೆ’ ಎಂಬುದರ ಮೇಲೆ ಗೀಟು ಎಳೆದ. ಆ ಗೀಟು ಎಷ್ಟು ನೇರವಾಗಿ, ಎಷ್ಟು ಹೆಮ್ಮೆಯಿಂದ ಬಂತೆಂದರೆ ಅದನ್ನೇ ಚೌಕಟ್ಟು ಹಾಕಿಸಬಹುದಿತ್ತು.

ಶುಕ್ರವಾರ ನಿಶ್ಚಿತಾರ್ಥ. ಬದನೆಕಾಯಿ ಬಣ್ಣದ ಸೀರೆಯಿಟ್ಟು ಹುಚ್ಚಕ್ಕನ ಮಡಿಲು ತುಂಬಿದರು. ಅವಳು ಅಲ್ಲೇ ಒಳಗೆ ಹೋಗಿ ಉಟ್ಟುಕೊಂಡು ಬಂದು, ಚಪ್ಪರದಲ್ಲಿ ಕೂತ ಹೆಂಗಸರ ಮುಂದೆಲ್ಲ ಸೆರಗು ಹರಡಿದಳು.

“ಮುಟ್ಟಿ ನೋಡ್ರೇ. ಮೊಳಕಾಲ್ಮೂರಿಂದು. ನಮ್ಮ ಬೀಗ ಜಿಪುಣ ಅಂತಿದ್ರಲ್ಲ, ಅಂದ ಬಾಯಿಗೆ ಮಣ್ಣು ಹಾಕ! ಕೈ ಬಿಚ್ಚಿ ಖರ್ಚು ಮಾಡ್ಯಾನೆ.”

ಊರೆಲ್ಲ ದೊಡ್ಡೀರಪ್ಪನ ಕಡೆ ತಿರುಗಿ ನೋಡಿತು. ಅವನ ಜೀವಮಾನದಲ್ಲಿ ಮೊದಲ ಬಾರಿ ಯಾರೋ ಅವನನ್ನು ಧಾರಾಳಿ ಎಂದಿದ್ದರು. ಅವನು ‘ಸೆಕ್ಯೂರಿಟಿ’ಯ ಮೇಲಿನ ಟವೆಲ್ ಸರಿಮಾಡಿಕೊಂಡು, “ಏನ್ ಮಹಾ ಬಿಡ್ರಿ,” ಎಂದ. ಜುಂಜಮ್ಮ ತನ್ನ ಹಳೆಯ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಯ ಕಡೆಗೆ ಹೋದಳು.

ಮಾರನೆಯ ದಿನ ಗೇಟಿನಲ್ಲಿ ಅವನ ಜೊತೆಗಿದ್ದವನು ಗಾದ್ರಪ್ಪ. ಹತ್ತು ವರ್ಷದಿಂದ ಒಂದೇ ಗೇಟಿನ ಎರಡು ಕಂಬಗಳ ಹಾಗೆ ನಿಂತವರು. ಗಾದ್ರಪ್ಪನ ಮನೆಮಾತೇ ತೆಲುಗು. ಇವನು ವಿಜಯದ ಕಥೆಯನ್ನು ಮೂರನೇ ಸಲ ಹೇಳುವಾಗ ಅವನು ಟೀ ಲೋಟ ಕೆಳಗಿಟ್ಟ.

“ಲೇ ದೊಡ್ಡೀರ, ಆ ಮುದುಕಿ ಏನಂದ್ಲು? ಅಂದಂಗೇ ಅನ್ನು.”

“‘ಊರಿಕೆ ತಗೊಂಡೋಗು ನಾಯ್ನಾ’ ಅಂದ್ಲು.”

“ಊರಿಕೇ ಅಂದ್ಲಾ? ಊರಿಕಿ ಅಂದ್ಲಾ?”

“ಎರಡಕ್ಕೂ ಏನ್ಲೇ ವ್ಯತ್ಯಾಸ?”

“ಏನ್ ವ್ಯತ್ಯಾಸನಾ? ನಮ್ಮನೇಲಿ ಕೋಳಿನೂ ತೆಲುಗಲ್ಲಿ ಕೂಗ್ತೈತೆ, ನನ್ನ ಕೇಳು. ಊರಿಕೇ ಅಂದ್ರೆ ಪುಕ್ಕಟೆ. ಊರಿಕಿ ಅಂದ್ರೆ ಊರಿಗೆ. ಊರಿಗೆ ತಗೊಂಡೋಗು, ಬೀಗಿತ್ತಿಗೆ ತೋರ್ಸು, ಒಪ್ಪಿದ್ರೆ ದುಡ್ಡು ಕೊಡು, ಒಪ್ಪದಿದ್ರೆ ಸೀರೆ ತಂದುಕೊಡು ಅಂತ. ನಂಬಿಕೆ ಬಂದೋರಿಗೆ ಅಲ್ಲಿ ಹಂಗೇ ಕೊಟ್ಟು ಕಳಿಸ್ತಾರೆ. ಈಗ ಹೇಳು, ಕಿ ಅಂದ್ಲಾ, ಕೇ ಅಂದ್ಲಾ?”

ದೊಡ್ಡೀರಪ್ಪ ಬಾಯಿ ತೆರೆದ. ಮಗ್ಗದ ಸದ್ದಿತ್ತು ಎಂದು ಹೇಳಬೇಕೆಂದಿದ್ದ. ಅಷ್ಟರಲ್ಲಿ, ಭಾನುವಾರದಿಂದ ಬಾಯಿ ಮುಚ್ಚಿಕೊಂಡಿದ್ದ ಬಲಗಿವಿ ಒಳಗಿನಿಂದ ಸ್ಪಷ್ಟವಾಗಿ ಹೇಳಿತು: ‘ಕಿ.’

“ಒಂದು ಗುಡಿಸಿಗೂ ಒಂದು ಏತ್ವಕ್ಕೂ ನಡುವೆ ರೇಷ್ಮೆ ಸೀರೆ ಹೊಡ್ದಿಯಲ್ಲಲೇ,” ಎಂದು ಗಾದ್ರಪ್ಪ ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ಗೆಳೆಯನ ಮುಖ ನೋಡಿ ನಗು ನಿಲ್ಲಿಸಿದ. “ಫೋನ್ ನಂಬರ್ ಕೊಟ್ಟಿದ್ಯಾ ಅವ್ರಿಗೆ?”

“ಇಲ್ಲ.”

“ಊರ ಹೆಸರು?”

“ಚಳ್ಳಕೆರೆ ಕಡೆ ಅಂದಿದ್ದೆ.”

“ಹಂಗಾದ್ರೆ ಅವ್ರು ಹುಡುಕಿದ್ರೂ ಸಿಗಲ್ಲ ಬಿಡು ನೀನು,” ಎಂದ ಗಾದ್ರಪ್ಪ. ಸಮಾಧಾನಕ್ಕೆಂದು ಹೇಳಿದ ಮಾತು. ಅದು ದೊಡ್ಡೀರಪ್ಪನ ಎದೆಯಲ್ಲಿ ಗೂಟ ಹೊಡೆದ ಹಾಗೆ ನಿಂತುಬಿಟ್ಟಿತು.

ಅಲ್ಲಿಂದ ಒಂಬತ್ತು ದಿನಗಳ ಕಥೆಯನ್ನು ಬರೆಯಲು ನನಗೇ ಸಂಕೋಚ. ನಮ್ಮ ವೀರ ಮೊದಲ ದಿನ, ಇಂದೇ ಹೋಗಿ ಕೊಟ್ಟುಬಿಡುತ್ತೇನೆ ಎಂದುಕೊಂಡ. ಡ್ಯೂಟಿ ಇತ್ತು. ಎರಡನೆಯ ದಿನ ಡ್ಯೂಟಿ ಇರಲಿಲ್ಲ, ಆದರೆ ಮೋಡವಿತ್ತು. ಸೀರೆಯನ್ನೇ ಹಿಂದಿರುಗಿಸೋಣವೆಂದರೆ ಅದು ಹುಚ್ಚಕ್ಕನ ಮೈಮೇಲೆ ಊರೂರು ಸುತ್ತುತ್ತಿತ್ತು. ದುಡ್ಡು ಕೊಡೋಣವೆಂದರೆ ಎಷ್ಟೋ ಏನೋ. ಎಷ್ಟೆಂದು ಕೇಳಬೇಕಾದರೆ ಮೊದಲು ಹೋಗಬೇಕು. ಮೂರನೆಯ ದಿನ ಅವನಿಗೆ ಒಂದು ಯೋಚನೆ ಬಂತು. ಆ ಯೋಚನೆ ಎಂಥದ್ದೆಂದರೆ, ಬಂದ ಕೂಡಲೇ ಅವನು ಸುತ್ತಮುತ್ತ ಯಾರಾದರೂ ನೋಡಿದರೇನೋ ಎಂದು ತಿರುಗಿ ನೋಡಿದ. ಗೇಟಿನ ಮೇಲೆ ಕೂತಿದ್ದ ಕಾಗೆಯೊಂದೇ ನೋಡುತ್ತಿತ್ತು. ಆ ಯೋಚನೆಯನ್ನು ಅವನು ಯಾರಿಗೂ ಹೇಳದೆ ಉಳಿದ ಆರು ದಿನ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ.

ದಿನಾ ಒಂದು ಮಾತು ಬಂದು ಚುಚ್ಚುತ್ತಿತ್ತು. ಹುಚ್ಚಕ್ಕ ಫೋನು ಮಾಡಿ, ಸೀರೆ ನೋಡಿ ತಂಗಿಗೆ ಹೊಟ್ಟೆಕಿಚ್ಚು ಬಂದಿದೆ ಎಂದು ಹೇಳಿ ನಕ್ಕಳು. ಹಟ್ಟಿಯ ಹುಡುಗರು ‘ಧಾರಾಳಿ ಮಾವ’ ಎಂದು ಕರೆದರು; ಅವರು ಲೇವಡಿ ಮಾಡಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು, ಪಾಪದವರು ನಿಜವಾಗಿಯೇ ಮೆಚ್ಚಿ ಕರೆದಿದ್ದರು. ಪುಷ್ಪಲತಾ ಕ್ಲಿನಿಕ್ಕಿನಿಂದ ಬಂದವಳು, “ಅಪ್ಪಾ, ಅವರ ಮನೇಲೆಲ್ಲ ನಿನ್ನ ಬಗ್ಗೆ ಎಷ್ಟು ಒಳ್ಳೆ ಮಾತಾಡ್ತಾರೆ ಗೊತ್ತಾ,” ಎಂದಾಗ ಅವನು ತಟ್ಟೆಯಲ್ಲಿ ಮುದ್ದೆ ಬಿಟ್ಟು ಎದ್ದ. ಮುದ್ದೆ ಬಿಟ್ಟು ಎದ್ದದ್ದು ಅವನ ಚರಿತ್ರೆಯಲ್ಲೇ ಮೊದಲು. ಜುಂಜಮ್ಮ ಮುದ್ದೆಯನ್ನೂ ನೋಡಿದಳು, ಗಂಡನನ್ನೂ ನೋಡಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅವನು ಹಿಂದೆ ಹೋಗಿ ನಿಂತ.

“ಅದು ಊರಿಕಿ ಅಂತೆ.”

“ಏನು?”

“ಊರಿಕೆ ಅಲ್ವಂತೆ. ಊರಿಕಿ ಅಂತೆ. ಊರಿಗೆ ತಗೊಂಡೋಗಿ ತೋರ್ಸಿ ಅಂದಿದ್ದಂತೆ ಆಯಮ್ಮ. ಪುಕ್ಕಟೆ ಅಲ್ವಂತೆ.”

ಜುಂಜಮ್ಮ ತಿರುಗಲಿಲ್ಲ. “ಯಾವಾಗ ಗೊತ್ತಾಯ್ತು?”

“ಹೋದ ವಾರ. ಅದಕ್ಕೂ ಮುಂಚೆ ಶನಿವಾರ.”

ಅವಳು ಬೈಯುತ್ತಾಳೆ ಎಂದು ದೊಡ್ಡೀರಪ್ಪ ಮೈ ಗಟ್ಟಿ ಮಾಡಿಕೊಂಡ. ಬೈದಿದ್ದರೆ ಚೆನ್ನಾಗಿತ್ತು, ಎದುರು ಬೈದು, ಜಗಳವಾಡಿ, ಅದರಲ್ಲೇ ಒಂದು ದಿನ ಕಳೆಯಬಹುದಿತ್ತು. ಅವಳು ಕೊನೆಯ ಪಾತ್ರೆ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡಳು.

“ದುಡ್ಡು ತಂದುಕೊಡು. ನಾನೇ ಹೋಗಿ ಕೊಟ್ಟು ಬರ್ತೀನಿ. ನನಗೇನ್ ಟಿಕೆಟ್ಟೈತಾ?”

ಅವಳು ಚುಚ್ಚಿ ಹೇಳಿದ್ದಲ್ಲ. ಎಂದಿನ ಹಾಗೆ, ಕರೆಂಟು ಬಿಲ್ಲು ಕಟ್ಟಿ ಬರ್ತೀನಿ ಎಂಬಷ್ಟೇ ಸಹಜವಾಗಿ ಹೇಳಿ, ಆಧಾರ್ ಕಾರ್ಡು ಇಟ್ಟಿದ್ದ ಗೂಡಿಗೆ ಕೈ ಹಾಕಿದಳು. ದೊಡ್ಡೀರಪ್ಪ ಆ ಕೈಯನ್ನು ನೋಡಿದ. ಅದು ಒಡೆದ ಉಗುರುಗಳ, ಸೀರೆಯ ಮೇಲಿಂದ ತಾನಾಗಿ ಹಿಂದಕ್ಕೆ ಬಂದಿದ್ದ ಕೈ. ಬಿಲ್ಲು ಸರಿ, ಬೀಜ ಸರಿ, ಸಾವಿಗೆ ಅಳುವುದೂ ಸರಿ. ಈಗ ತನ್ನ ನಾಚಿಕೆಯನ್ನೂ ಅವಳ ತಲೆಯ ಮೇಲೆ ಹೊರಿಸಿ, ಸೊನ್ನೆ ಟಿಕೆಟ್ಟಿನಲ್ಲಿ ಮೊಳಕಾಲ್ಮೂರಿಗೆ ಕಳಿಸುವುದೇ? ಆ ಮನೆಯ ಬಾಗಿಲಲ್ಲಿ ‘ನನ್ನ ಗಂಡ ಕಳಿಸ್ಯಾನೆ’ ಎಂದು ತಲೆ ತಗ್ಗಿಸಿ ನಿಲ್ಲುವವಳು ಇವಳೇ?

“ನೀನು ಬ್ಯಾಡ,” ಎಂದ. “ನಾನೇ ಹೋಗ್ತೀನಿ.”

“ಒಬ್ನೇ?”

“ಒಬ್ನೇ.”

ಅಂಚೆ ಕಚೇರಿಯಲ್ಲಿ ಹನ್ನೆರಡು ಸಾವಿರ ತೆಗೆಸಿ, ಬನಿಯನ್ನಿನ ಒಳಜೇಬಿಗೆ ಪಿನ್ನು ಹಾಕಿ ಹೊರಟ. ಎಂದಿನಂತೆ ಒಂದು ಸ್ಟೇಜು ಮೊದಲೇ ಇಳಿದ. ಕಂಡಕ್ಟರು ಎಂದಿನಂತೆ ನಕ್ಕ. ಅವನಿಗೇನು ಗೊತ್ತು, ಇವತ್ತಿನ ನಡಿಗೆ ದುಡ್ಡು ಉಳಿಸಲಿಕ್ಕಲ್ಲ, ತಡ ಮಾಡಲಿಕ್ಕೆ ಎಂದು. ದಾರಿಯಲ್ಲಿ ಅವನು ಮೂರು ನೆಪಗಳನ್ನು ಕಟ್ಟಿದ. ಜ್ವರ ಬಂದಿತ್ತು ಎಂಬುದು ಒಂದು. ನೆಂಟರಲ್ಲಿ ಸೂತಕ ಎಂಬುದು ಎರಡನೆಯದು. ಆದರೆ ಅದಕ್ಕೆ ಯಾರನ್ನಾದರೂ ಸಾಯಿಸಬೇಕಲ್ಲ, ಮದುವೆ ಮನೆಯಲ್ಲಿ ಹಾಗೆ ಅನ್ನಬಾರದು. ಮೂರನೆಯದು ಡ್ಯೂಟಿ. ಡ್ಯೂಟಿಯೇ ಗಟ್ಟಿ ಎಂದು ಅದನ್ನು ತಿರುತಿರುಗಿ ಉರುಹೊಡೆಯುತ್ತ ಆ ಬೀದಿಗೆ ಕಾಲಿಟ್ಟ.

ಮಗ್ಗ ನಡೆಯುತ್ತಿತ್ತು. ಅವನು ಬಾಗಿಲಲ್ಲಿ ಕೆಮ್ಮಿದ. ಮಗ್ಗ ನಿಂತಿತು.

ಹೊರಗೆ ಬಂದವಳು ಕಾಂಚನಾ. ಅವಳು ನಡೆದಾಗ ಬೀಗದ ಕೈ ಸದ್ದು ಮಾಡಿತು. ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ರೇಣುಕಮ್ಮ ಒಳಗಡೆ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು, ವ್ಯಾಪಾರದ ಚಾಪೆಯಿಂದ ಬಹುದೂರ. ದೊಡ್ಡೀರಪ್ಪನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಕಟ್ಟಿಕೊಂಡು ಬಂದಿದ್ದ ಮೂರು ನೆಪಗಳಲ್ಲಿ ಎರಡು ಅಲ್ಲೇ ಬಿದ್ದುಹೋದವು.

“ನೀವೇ ಅಲ್ವಾ?” ಎಂದಳು ಕಾಂಚನಾ. “ಹನ್ನೊಂದು ದಿನ ಕೂತು ನೇಯ್ದಿದ್ದೆ ಆ ಸೀರೆನ. ಊರು ಗೊತ್ತಿಲ್ಲ, ನಂಬರಿಲ್ಲ, ಯಾರೋ ದಾರಿಹೋಕರ ಕೈಗೆ ಕೊಟ್ಟು ಕಳಿಸಿದ್ಯಲ್ಲತ್ತೆ ಅಂತ ಈಯಮ್ಮನ ಹತ್ರ ದಿನಾ ಜಗಳ ನಂದು. ಈಯಮ್ಮ ಒಂದೇ ಮಾತು, ಬರ್ತಾನೆ ಬರ್ತಾನೆ ಅಂತ. ಅಂಟ್ಕೊಂಡು ಬಂದ ಐನೂರು ವಾಪಸ್ ಕೊಟ್ಟೋನು ಮೋಸ ಮಾಡ್ತಾನಾ ಅಂತ.”

“ಎಷ್ಟು ತಾಯಿ?” ಎಂದ ದೊಡ್ಡೀರಪ್ಪ. ‘ಎಂತ’ ಎನ್ನಲು ಬಾಯಿ ಬರಲಿಲ್ಲ.

“ಒಂಬತ್ತು ಸಾವಿರ.”

‘ತಗ್ಗಿಂಚು’ ಎಂಬುದು, ಅದರ ಅಭ್ಯಾಸದ ಪ್ರಕಾರ, ಗಂಟಲವರೆಗೆ ಬಂತು. ಬಂದು, ಅಲ್ಲಿನ ಪರಿಸ್ಥಿತಿ ನೋಡಿ, ಸದ್ದಿಲ್ಲದೆ ಇಳಿದುಹೋಯಿತು. ಅವನು ಪಿನ್ನು ಬಿಚ್ಚಿ, ಒಂಬತ್ತು ಸಾವಿರ ಎಣಿಸಿ ಕೊಟ್ಟ. ಕಾಂಚನಾ ಎಣಿಸಿಕೊಂಡು ಬೀರು ತೆಗೆದು ಇಟ್ಟಳು, ಬೀಗ ಹಾಕಿದಳು, ಬೀಗದ ಕೈಯನ್ನು ಮತ್ತೆ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು. ಅತ್ತೆಯ ಕಡೆ ತಿರುಗಿಯೂ ನೋಡದೆ ಮಗ್ಗದ ಗುಂಡಿಗೆ ಕಾಲಿಳಿಸಿದಳು. ದುಡ್ಡು ಸೇರಿತು, ಬೀಗದ ಕೈ ಮುದುಕಿಯ ಸೊಂಟಕ್ಕೆ ಹಿಂತಿರುಗಲಿಲ್ಲ. ಅದನ್ನು ತೀರಿಸುವಷ್ಟು ಹಣ ಯಾವ ಆರ್‌ಡಿಯಲ್ಲೂ ಇರುವುದಿಲ್ಲವೆಂದು ದೊಡ್ಡೀರಪ್ಪನಿಗೆ ಆ ಗಳಿಗೆಯಲ್ಲಿ ಅನ್ನಿಸಿತು.

ರೇಣುಕಮ್ಮ ಕಂಡಿಕೆ ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಗೆದ್ದವಳ ಮುಖ ಅದು. ಊರೆಲ್ಲ ಒಂದು ಕಡೆ, ತಾನೊಬ್ಬಳೇ ಒಂದು ಕಡೆ ನಿಂತು ಗೆದ್ದವಳದು. ಅವನನ್ನು ಚಾಪೆಯ ಮೇಲೆ ಕೂರಿಸಿ, ಒಂದು ಚೊಂಬು ನೀರು ಕೊಟ್ಟಳು.

“ನಾನು ಹೇಳ್ದೆ, ಬಂಗಾರದಂಥ ಮನುಷ್ಯ ಬರ್ತಾನೆ ಅಂತ. ಇವ್ಳು ಕೇಳಲ್ಲ.” ಸೊಸೆಗೆ ಕೇಳುವ ಹಾಗೆ ದನಿ ಏರಿಸಿದಳು. “ಮೈಗೆ ಸರಿ ಇರ್ಲಿಲ್ವೇನೋ, ಅಲ್ವಾ ನಾಯ್ನಾ?”

ದೊಡ್ಡೀರಪ್ಪ ತಲೆ ಅಲ್ಲಾಡಿಸಿದ. ಇಲ್ಲ.

ಮುದುಕಿ ಅವನ ನೀಲಿ ಅಂಗಿಯ ಮೇಲಿನ ‘ಸೆಕ್ಯೂರಿಟಿ’ ಪಟ್ಟಿ ನೋಡಿದಳು. “ಹಂಗಾದ್ರೆ ಡ್ಯೂಟಿ. ರಜಾ ಕೊಟ್ಟಿರಲ್ಲ ಅವ್ರು. ಗೇಟು ಬಿಟ್ಟು ಬರೋಕಾಗ್ತೈತಾ?”

ಮುದುಕಿ ಗಟ್ಟಿಯಾದ ನೆಪವನ್ನು ತಾನೇ ತಂದು ಅಂಗೈಯಲ್ಲಿಟ್ಟಿದ್ದಳು. ಪುಕ್ಕಟೆ. ಮಗ್ಗದ ಸದ್ದು ನಿಂತಿತ್ತು. ಕಾಂಚನಾ ಲಾಳಿ ಕೈಯಲ್ಲಿ ಹಿಡಿದು ಕಿವಿಗೊಟ್ಟಿದ್ದಳು. ದೊಡ್ಡೀರಪ್ಪ ನೀರಿನ ಚೊಂಬನ್ನು ಕೆಳಗಿಟ್ಟ. ಅದನ್ನು ಸ್ವಲ್ಪ ಆಚೆ ಸರಿಸಿದ. ಮತ್ತೆ ಈಚೆ ಸರಿಸಿದ.

“ಮತ್ಯಾಕೆ ನಾಯ್ನಾ ಇಷ್ಟು ದಿನ ಬರ್ಲಿಲ್ಲ?” ಎಂದಳು ರೇಣುಕಮ್ಮ.

“ನೀವು ಮರ್ತುಬಿಡ್ತೀರೇನೋ ಅಂತ ಕಾಯ್ತಿದ್ದೆ ಕಣವ್ವಾ,” ಎಂದ ದೊಡ್ಡೀರಪ್ಪ.